ಕೀಲಿಮಣೆಗೆ ಕಿವಿಗೊಟ್ಟವರು

ಒಂಬತ್ತನೆಯ ಕಂತು

"ಡಾಕ್ಟ್ರೇ, ಇದು ನಿಮ್ದಾ?"

ಮೇಜಿನ ಅಡಿಯಲ್ಲಿ ಮಂಡಿಯೂರಿದ್ದ ಶಿಲ್ಪಶ್ರೀ ಕಂಪ್ಯೂಟರಿನ ಬೆನ್ನಿಗೆ ಟಾರ್ಚ್ ಹಿಡಿದು ಕೇಳಿದಳು. ಕೀಲಿಮಣೆಯ ವೈರು ಪೆಟ್ಟಿಗೆಗೆ ಸೇರುವ ಜಾಗದಲ್ಲಿ, ವೈರಿಗೂ ಪೆಟ್ಟಿಗೆಗೂ ನಡುವೆ, ಹುಣಸೆ ಬೀಜದ ಗಾತ್ರದ ಕರಿ ತುಂಡೊಂದು ಕಚ್ಚಿಕೊಂಡಿತ್ತು. ಯಾರು ನೋಡಿದರೂ ವೈರಿನದೇ ತುದಿ ಎನ್ನಬೇಕು.

ಡಾಕ್ಟರ್ ಸಮತಾ ಬಗ್ಗಿ ನೋಡಿದಳು. ಹೊಸನಗರದ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಅವಳ ಹಲ್ಲಿನ ಕ್ಲಿನಿಕ್ಕು. ಹೊರಗಿನ ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡ ಹೆಂಗಸೊಬ್ಬಳು ಸೆರಗು ಒತ್ತಿಕೊಂಡು ಕಾಯುತ್ತಿದ್ದಳು.

"ಅದೆಂತದು ಅಂತಾನೇ ಗೊತ್ತಿಲ್ಲ ಮೇಡಂ. ನಾನು ಆ ಕಡೆ ಕೈ ಹಾಕಿದವಳೇ ಅಲ್ಲ."

"ಕೀಲಾಗರ್ ಅಂತಾರೆ. ಈ ಕೀಲಿಮಣೆಲಿ ನೀವು ಒತ್ತಿದ ಒಂದೊಂದು ಅಕ್ಷರಾನೂ ಇದು ಕೇಳಿಸ್ಕೊಂಡಿದೆ. ಕೇಳಿಸ್ಕೊಂಡು, ವೈಫೈ ಹಿಡ್ಕೊಂಡು ಇನ್ಯಾರಿಗೋ ಹೇಳಿದೆ."

ಬಾಗಿಲಿಗೆ ಒರಗಿ ನಿಂತಿದ್ದ ಜಟ್ಟಿಂಗಪ್ಪ ನಾಲಿಗೆ ಕಚ್ಚಿಕೊಂಡ. ಪೊಲೀಸು ಇಲಾಖೆಯಿಂದ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ಶಿಲ್ಪಶ್ರೀ ಫೊರೆನ್ಸಿಕ್ ಲ್ಯಾಬಿನ ನೌಕರಿ ಬಿಟ್ಟು ಸಾಗರದಲ್ಲಿ ಸ್ವಂತ ಪತ್ತೇದಾರಿಕೆಗೆ ಕೂತಂದಿನಿಂದ ಅವಳ ಕಾರು ಓಡಿಸುವವನೂ ಅವನೇ, ಮಾತಿಗೆ ಸಿಗುವವನೂ ಅವನೇ.

"ಮೊನ್ನೆ ಯೋಗರಾಜನ ಮನೇಲಿ ಒಂದು, ಇವತ್ತು ಇಲ್ಲೊಂದು," ಎಂದ ಅವನು. "ಎರಡು ಮನೆಗೂ ನುಗ್ಗಿದಾರಲ್ಲ ಮೇಡಂ."

ಸಾಗರದ ಯೋಗರಾಜನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದು ಕಣ್ಣಿಗೆ ಕಾಣದ ಸಾಫ್ಟ್‌ವೇರು. ಆದರೆ ಆ ಮನುಷ್ಯ ತನ್ನ ಬಿಟ್‌ಕಾಯಿನ್ ಬೀಗದ ರಹಸ್ಯ ಪದಗಳನ್ನು ಒಂದು ಸಲವೂ ಕಂಪ್ಯೂಟರಿನಲ್ಲಿ ಬರೆದವನಲ್ಲ. ಪದಗಳ ಕಾಗದವನ್ನೂ ಸಹಿ ಹಾಕುವ ಸಾಧನವನ್ನೂ ಬ್ಯಾಂಕಿನ ಲಾಕರಿನಲ್ಲಿಟ್ಟು ಮರೆತೇಬಿಟ್ಟಿದ್ದ. ಅವನ ಸೋಮಾರಿತನವೇ ಅವನನ್ನು ಕಾಪಾಡಿತ್ತು.

ಶಿಲ್ಪಶ್ರೀ ಎದ್ದು ಮಂಡಿಯ ಧೂಳು ಕೊಡವಿದಳು. ಕೇಳಲೇಬೇಕಾದ ಪ್ರಶ್ನೆ ಒಂದೇ. ಉತ್ತರ ಏನು ಬರುತ್ತದೋ ಎಂಬ ಅಳುಕಿಗೆ ಅದನ್ನು ಬಾಯಿಗೆ ತರಲು ತಡಮಾಡಿದಳು.

"ಡಾಕ್ಟ್ರೇ, ಆದೀಶ್ ಬರೆದುಕೊಟ್ಟ ಇಪ್ಪತ್ನಾಲ್ಕು ಪದ ಇದ್ಯಲ್ಲ. ಅದನ್ನ ಈ ಕಂಪ್ಯೂಟರಲ್ಲಿ ಯಾವತ್ತಾದ್ರೂ ಟೈಪ್ ಮಾಡಿದ್ರಾ?"

ಸಮತಾ ಕಿಟಕಿಯ ಕಡೆ ನೋಡಿದಳು. ಕೆಳಗೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರ್ ಬಸ್ಸಿನ ಮೈಗೆ ಬಡಿಯುತ್ತಿದ್ದ ಸದ್ದು ಮೇಲಕ್ಕೆ ಬರುತ್ತಿತ್ತು.

"ಒಂದೇ ಸಲ," ಎಂದಳು. "ಅವ್ರ ಕೈಬರಹ. ಪೆನ್ಸಿಲ್ಲಲ್ಲಿ ಬರ್ದಿದ್ರು. ದಿನಾ ತೆಗೆದು ನೋಡಿ ನೋಡಿ ಮಾಸ್ತಾ ಬಂದಿತ್ತು. ಪ್ರಿಂಟ್ ತೆಗೆದು ಇಟ್ಕೊಂಡ್ರೆ ಇದನ್ನ ಮುಟ್ಟೋದು ಬೇಡ ಅಂತ... ಆಮೇಲೆ ಅಳಿಸಿಬಿಟ್ಟೆ ಮೇಡಂ. ಸೇವ್ ಕೂಡ ಮಾಡ್ಲಿಲ್ಲ."

"ನೀವು ಮಾಡ್ಲಿಲ್ಲ. ಇದು ಮಾಡ್ಕೊಂಡಿದೆ."

ಸಮತಾ ರೋಗಿಗಳ ಕುರ್ಚಿಯಲ್ಲೇ ಕುಸಿದು ಕೂತಳು. ಎರಡು ವರ್ಷದಿಂದ ಒಬ್ಬಳೇ ಹೊತ್ತುಕೊಂಡು ಬಂದದ್ದನ್ನು ಮನೆ ಬಾಗಿಲಲ್ಲಿ ಕೈತಪ್ಪಿ ಚೆಲ್ಲಿದವಳ ಹಾಗಿತ್ತು ಅವಳ ಮುಖ.

ಅವಳ ಗಂಡ ಆದೀಶ್ ಹುಲಿಕಲ್ಲಿನ ಕಾಡಿನಲ್ಲಿ ರಕ್ತ ಹೀರುವ ಉಣುಗುಗಳನ್ನು ಹಿಡಿದು ಮಂಗನ ಕಾಯಿಲೆಯ ಜಾಡು ಹುಡುಕುತ್ತಿದ್ದ ಸಂಶೋಧಕ. ಎರಡು ಚಳಿಗಾಲದ ಹಿಂದೆ ಅದೇ ಜ್ವರ ಅವನನ್ನೂ ಹಿಡಿಯಿತು. ದೂರದ ಊರಿನಿಂದ ರಕ್ತದ ವರದಿ ಬಂದದ್ದು ಅವನ ಮೂರನೆಯ ದಿನದ ಕಾರ್ಯ ಮುಗಿದ ಮೇಲೆ. ಓದುವ ಕಾಲದಲ್ಲಿ ಹುಡುಗಾಟಕ್ಕೆ ಕೊಂಡಿಟ್ಟ ಬಿಟ್‌ಕಾಯಿನ್ ಅಷ್ಟು ಹೊತ್ತಿಗೆ ಊಹಿಸಲಾಗದಷ್ಟು ಬೆಳೆದಿತ್ತು. ಆ ದುಡ್ಡಿನಿಂದ ಇಲ್ಲೇ, ಈ ಸೀಮೆಯಲ್ಲೇ, ಅಂದಿನ ಜ್ವರಕ್ಕೆ ಅಂದೇ ಉತ್ತರ ಹೇಳುವ ಒಂದು ಪರೀಕ್ಷಾಲಯ ಆಗಬೇಕೆಂದು ಅವನು ಆರೋಗ್ಯವಾಗಿದ್ದಾಗಲೇ ಬರೆದಿಟ್ಟಿದ್ದ. ಬಿಟ್‌ಕಾಯಿನ್ ಇಟ್ಟ ಡಿಜಿಟಲ್ ಪೆಟ್ಟಿಗೆಗೆ, ಅಂದರೆ ವಾಲೆಟ್ಟಿಗೆ, ತಲಾ ಇಪ್ಪತ್ನಾಲ್ಕು ಪದಗಳ ಮೂರು ಬೀಗದ ಕೈ ಮಾಡಿಸಿದ್ದ: ಒಂದು ಹೆಂಡತಿಗೆ, ಒಂದು ತೀರ್ಥಹಳ್ಳಿಯ ಅಣ್ಣ ಭರತೇಶನಿಗೆ, ಒಂದು ಸಾಗರದ ಗೆಳೆಯ ಯೋಗರಾಜನಿಗೆ. ಯಾವುದಾದರೂ ಎರಡು ಕೂಡಿದರೆ ಮಾತ್ರ ತೆರೆಯುತ್ತದೆ. ಒಬ್ಬರು ಕೆಟ್ಟರೂ ಉಳಿದಿಬ್ಬರು ಕಾಯಲಿ ಎಂಬುದು ಅವನ ಲೆಕ್ಕ.

ಈಗ ಒಂದು ಬೀಗದ ಕೈ ಕಳ್ಳನ ಜೇಬಿನಲ್ಲಿತ್ತು.

"ಹಾಗಾದ್ರೆ ದುಡ್ಡು ಹೋಯ್ತಾ?" ಎಂದಳು ಸಮತಾ.

ಶಿಲ್ಪಶ್ರೀ ಫೋನ್ ತೆಗೆದು ನೋಡಿದಳು. "ಇನ್ನೂ ಇದೆ. ಅವನ ಹತ್ರ ಒಂದೇ ಕೈ ಇರೋದು. ಇನ್ನೊಂದಕ್ಕೆ ಕಾಯ್ತಾ ಇದಾನೆ."

ಆ ಕರಿ ತುಂಡನ್ನು ಅವಳು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು. ಒಳಗಿದ್ದದ್ದೆಲ್ಲ ಸಾಲುಸಾಲಾಗಿ ಬಿಚ್ಚಿಕೊಂಡಿತು: ಔಷಧದ ಹೆಸರುಗಳು, ರೋಗಿಗಳ ವಯಸ್ಸು, ಸಮತಾ ಯಾರಿಗೂ ಕಳಿಸದೆ ಬಿಟ್ಟ ಅರ್ಧ ಪತ್ರ. ಶಿಲ್ಪಶ್ರೀ ಅವನ್ನೆಲ್ಲ ದಾಟಿ ಎಲ್ಲಕ್ಕಿಂತ ಮೇಲಿನ ಸಾಲಿಗೆ ಹೋದಳು. ಇಂಥದ್ದನ್ನು ಸಿಕ್ಕಿಸುವವನು ಕೆಲಸ ಮಾಡುತ್ತದೋ ಇಲ್ಲವೋ ಎಂದು ಏನಾದರೂ ಒತ್ತಿ ನೋಡದೆ ಹೋಗುವುದಿಲ್ಲ.

ಏಳೇ ಅಕ್ಷರ. ಎನ್, ಎಮ್, ಎಸ್, ಎಫ್, ಕೆ, ಎ, ಆರ್.

"ಇದೆಂತ ಭಾಷೆ?" ಎಂದ ಜಟ್ಟಿಂಗಪ್ಪ ಹಿಂದಿನಿಂದ ಇಣುಕಿ. ಮರುಕ್ಷಣ ಅವನೇ ಹುಬ್ಬು ಏರಿಸಿದ. "ಇದು ಕನ್ನಡ ಮೇಡಂ. ನಮಸ್ಕಾರ ಅಂತ. ಒತ್ತಕ್ಷರಕ್ಕೆ ಎಫ್ ಒತ್ತಾದು, ನಾವು ಸ್ಟೇಷನ್ನಲ್ಲಿ ಹಾಗೇ ಕುಟ್ಟಿದ್ದು."

"ಹೌದು. ಫೋನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ ಕನ್ನಡ ಬರೆಯೋರು ಹೀಗೆ ಒತ್ತಲ್ಲ. ಕೂತು ಕಲಿತವರು ಒತ್ತೋದು." ಅವಳು ಸಮತಾಳ ಕಡೆ ತಿರುಗಿದಳು. "ನಿಮ್ಮ ಕಡೆಯವರಲ್ಲಿ ಹೀಗೆ ಕನ್ನಡ ಟೈಪ್ ಮಾಡೋರು ಯಾರು?"

ಸಮತಾ ಹೇಳಲು ಇಷ್ಟವಿಲ್ಲದವಳ ಹಾಗೆ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಭರತೇಶ್ ಭಾವ. ಕಾಲೇಜಿನ ಪ್ರಶ್ನೆಪತ್ರಿಕೆ ಎಲ್ಲಾ ಅವರೇ ಮಾಡೋದು."

*

ಕಾರು ಕೋಣಂದೂರು ದಾಟಿತು. ಬಿಸಿಲು ಚೊಕ್ಕವಾಗಿತ್ತು. ಯೋಗರಾಜನಿಗೆ ಹತ್ತಾರು ಸಲ ಫೋನ್ ಮಾಡಿದ್ದಾಯಿತು. ಮನೆಮಂದಿಯನ್ನು ಕಟ್ಟಿಕೊಂಡು ಸಿಗಂದೂರಿಗೆ ಹೋಗಿದ್ದಾನೆಂದು ಅವನ ಅಂಗಡಿಯವರು ಹೇಳಿದರು. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಎರಡನೇ ಶನಿವಾರ, ಲಾಕರು ತೆರೆಯುವಂತಿರಲಿಲ್ಲ.

ಉಳಿದ ದಾರಿ ಒಂದೇ. ಸಮತಾಳ ಬೀಗದ ಕೈಯೂ ಭರತೇಶನದೂ ಕೂಡಿ ವಾಲೆಟ್ ತೆರೆದು, ಕಳ್ಳನಿಗೆ ಗೊತ್ತಿಲ್ಲದ ಹೊಸ ವಾಲೆಟ್ಟಿಗೆ ಎಲ್ಲವನ್ನೂ ಸಾಗಿಸಿಬಿಡುವುದು. ಹೊಸದನ್ನು ಶಿಲ್ಪಶ್ರೀ ಆಗಲೇ ಸಿದ್ಧ ಮಾಡಿದ್ದಳು. ಯಾವ ಕೀಲಿಮಣೆಯನ್ನೂ ಮುಟ್ಟದೆ, ಇಂಟರ್ನೆಟ್ಟಿನ ಗಾಳಿ ಸೋಕಿಸದೆ. ಅದರ ವಿಳಾಸವನ್ನು, ಅಕ್ಷರ ಅಂಕಿಗಳ ಆ ಉದ್ದ ಸಾಲನ್ನು, ದಪ್ಪ ಅಕ್ಷರದಲ್ಲಿ ಕಾಗದಕ್ಕೆ ಇಳಿಸಿ ಚೀಲದಲ್ಲಿಟ್ಟುಕೊಂಡಿದ್ದಳು.

ಆದರೆ ಎರಡನೆಯ ಕೈ ಯಾರದೋ ಅವನ ಮೇಲೇ ಸಂಶಯ. ಕಳ್ಳನೇ ಆಗಿರಬಹುದಾದವನ ಮನೆಗೆ ಹೋಗಿ, ಕಳ್ಳನಿಂದ ಕಾಪಾಡಲು ಸಹಿ ಹಾಕು ಎನ್ನಬೇಕು.

ರಸ್ತೆ ಬದಿಯಲ್ಲಿ ಇಬ್ಬರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿಳಿ ಪುಡಿ ಎರಚುತ್ತಿದ್ದರು. ನಡುವೆ ಸುಟ್ಟು ಕರಿಕಾದ ನೆಲ. ಜಟ್ಟಿಂಗಪ್ಪ ಕಾರು ನಿಧಾನ ಮಾಡಿದ.

"ಮಂಗ ಸತ್ತು ಬಿತ್ತಾ?" ಎಂದು ಕಿಟಕಿಯಿಂದ ಕೇಳಿದ.

"ಎರಡು," ಎಂದ ಅವರಲ್ಲೊಬ್ಬ. "ಈ ಸಲ ಬೇಗನೇ ಶುರು ಆಗಿದೆ. ಆ ಕಡೆ ಮನೇಲಿ ಒಬ್ಬರಿಗೆ ಜ್ವರನೂ ಇದ್ಯಂತೆ. ರಕ್ತ ಕಳ್ಸಿದಾರೆ, ರಿಪೋರ್ಟು ಬರ್ಬೇಕು."

ಸಮತಾ ಮುಖ ಆಚೆ ತಿರುಗಿಸಿದಳು. ರಿಪೋರ್ಟು ಬರ್ಬೇಕು ಎಂಬ ಆ ಮಾತನ್ನು ಅವಳು ಆಸ್ಪತ್ರೆಯ ಮೊಗಸಾಲೆಯಲ್ಲಿ ಎಷ್ಟು ಸಲ ಕೇಳಿದ್ದಳೋ. ಕಾರು ಮುಂದೆ ಹೋದ ಮೇಲೂ ಅವಳು ತಿರುಗಿ ಈಚೆ ನೋಡಲಿಲ್ಲ.

"ಮೇಡಂ, ನಿಜ ಹೇಳಿ," ಎಂದಳು. "ಉಳಿಯುತ್ತಾ?"

ಶಿಲ್ಪಶ್ರೀಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇವತ್ತು ಸಂಜೆಯೊಳಗೆ ಸಾಗಿಸಿದ್ರೆ ಉಳಿಯಬಹುದು," ಎಂದಳು. ಬಹುದು ಎಂಬುದು ತನ್ನ ಕಿವಿಗೇ ತೆಳ್ಳಗೆ ಕೇಳಿಸಿತು.

*

ಭರತೇಶನ ಮನೆ ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆಗೆ ಹತ್ತಿರದ ಬೀದಿಯಲ್ಲಿತ್ತು. ಗೇಟಿನ ಸದ್ದಿಗೆ ಅವನೇ ಹೊರಗೆ ಬಂದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಎತ್ತಿದ ಗದ್ದ. ತಮ್ಮನ ಹೆಂಡತಿಯನ್ನು ನೋಡಿ ಅವನ ಮುಖ ಅರಳಲೂ ಇಲ್ಲ, ಮುದುಡಲೂ ಇಲ್ಲ.

"ಬಾ ಸಮತಾ. ಅಮ್ಮ ಜಪಕ್ಕೆ ಕೂತಿದಾಳೆ, ಮೆಲ್ಲಗೆ ಮಾತಾಡಿ."

ಹಜಾರದಲ್ಲಿ ಕೂತ ಮೇಲೆ ಶಿಲ್ಪಶ್ರೀ ಸುತ್ತಿಬಳಸದೆ ಆ ಕರಿ ತುಂಡನ್ನು ಟೀಪಾಯಿಯ ಮೇಲೆ ಇಟ್ಟಳು.

"ಸರ್, ಇದನ್ನ ಎಲ್ಲಾದ್ರೂ ನೋಡಿದೀರಾ?"

ಭರತೇಶ ಅದನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ. "ಇಲ್ಲ. ಎಂತ ಇದು?"

ಅವಳು ಹೇಳಿದಳು. ಎಲ್ಲಿ ಸಿಕ್ಕಿತು, ಏನು ಕದ್ದಿದೆ, ಮೊದಲ ಸಾಲಿನಲ್ಲಿ ಏನಿದೆ. ಅವನು ಕೊನೆಯವರೆಗೂ ಕೇಳಿದ. ಕೇಳಿದ ಮೇಲೆ ಅದನ್ನು ಟೀಪಾಯಿಯ ಮೇಲೆ ಬಹಳ ಜೋಪಾನವಾಗಿ ಇಟ್ಟ.

"ಅಂದ್ರೆ ನಾನು ಅಂತ."

"ನಾನು ಹಾಗೆ ಹೇಳ್ಲಿಲ್ಲ ಸರ್. ಆದೀಶ್ ಅವರ ವರ್ಷಾಂತಿಕಕ್ಕೆ ನೀವು ಹೊಸನಗರಕ್ಕೆ ಹೋಗಿದ್ರಿ. ಕ್ಲಿನಿಕ್ಕಿನಲ್ಲಿ ಒಬ್ಬರೇ ಇದ್ರಿ."

"ಇದ್ದೆ. ಜನ ಜಾಸ್ತಿ ಇದ್ರು, ಮಲಗಕ್ಕೆ ಜಾಗ ಇರ್ಲಿಲ್ಲ, ಅಲ್ಲೇ ಬೆಂಚ್ ಮೇಲೆ ಮಲಗಿದ್ದೆ. ತಮ್ಮನ ವರ್ಷದ ದಿನ ನಾನು ಅವನ ಹೆಂಡ್ತಿ ಕಂಪ್ಯೂಟರಿಗೆ ಕಳ್ಳಯಂತ್ರ ಕಟ್ಟಿದೆ ಅಂತ ನಿಮ್ಮ ಮಾತು."

"ಕನ್ನಡ ಟೈಪಿಂಗ್..."

"ತಾಲ್ಲೂಕು ಆಫೀಸಿಗೆ ಹೋಗಿ ನೋಡಿ, ಎಲ್ಲ ಹಾಗೇ ಒತ್ತೋದು. ನಿಮ್ಮ ಈ ಪೊಲೀಸಪ್ಪ ಹೆಂಗೆ ಒತ್ತಿದ್ದು ಕೇಳಿ."

ಜಟ್ಟಿಂಗಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ. ಸುಳಿವು ಬೆರಳು ತೋರಿಸುತ್ತಿತ್ತು, ಆದರೆ ಬೆರಳಿನ ಮುಂದೆ ಅರ್ಧ ತಾಲ್ಲೂಕೇ ನಿಂತಿತ್ತು.

"ಭಾವ," ಎಂದಳು ಸಮತಾ. "ನಿಮ್ಮನ್ನ ಕಳ್ಳ ಅನ್ನಕ್ಕೆ ಬಂದಿಲ್ಲ ನಾನು. ನನ್ನ ಬೀಗದ ಕೈ ಕಳ್ಳನಿಗೂ ಸಿಕ್ಕಿದೆ. ನಿಮ್ಮದೂ ಹೋದ್ರೆ ಮುಗೀತು. ಅಷ್ಟರೊಳಗೆ ಸಾಗಿಸಿಬಿಡನ."

"ಯಾವುದಕ್ಕೆ ಸಾಗಿಸದು? ಇವರು ಮಾಡಿದ ವಾಲೆಟ್ಟಿಗಾ? ಇವರು ಯಾರು?" ಭರತೇಶನ ದನಿ ಏರಲಿಲ್ಲ, ಪಾಠ ಹೇಳುವ ದನಿಯೇ. "ನಿಂಗೆ ಗೊತ್ತಿಲ್ಲ ಸಮತಾ. ಹೀಗೇ ಬರ್ತಾರೆ. ಅಪಾಯ ಅಂತ ಹೆದರಿಸ್ತಾರೆ. ಈಗಲೇ, ಇವತ್ತೇ ಅಂತಾರೆ. ಹೆದರಿ ನಾವೇ ಕೈಯಾರೆ ತೆಗೆದು ಕೊಡ್ತೀವಿ."

ಶಿಲ್ಪಶ್ರೀಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಾನೇ ಎಷ್ಟು ಜನರಿಗೆ ಇದೇ ಮಾತು ಹೇಳಿಲ್ಲ.

"ಹೊಸ ವಾಲೆಟ್ಟಿನ ಬೀಗದ ಕೈ ನನ್ನ ಹತ್ರ ಇಲ್ಲ ಸರ್. ಮೂರು ಹೊಸ ಸಾಧನ ತಂದಿದೀನಿ, ಪದಗಳ ಲಕೋಟೆ ಅಂಟಿಸಿದ ಹಾಗೇ ಇದೆ. ಒಂದು ನಿಮಗೆ, ಒಂದು ಇವರಿಗೆ, ಒಂದು ಯೋಗರಾಜ್‌ಗೆ. ಪದಗಳನ್ನ ನಾನು ನೋಡಿಲ್ಲ."

"ನೋಡಿಲ್ಲ ಅಂತ ನೀವು ಹೇಳ್ತಿದೀರ."

"ಹೌದು. ನಾನು ಹೇಳ್ತಿದೀನಿ. ಅದಕ್ಕಿಂತ ಹೆಚ್ಚಿಂದು ನನ್ನ ಹತ್ರ ಇಲ್ಲ."

ಒಳಗಿನ ಕೋಣೆಯಿಂದ ಭರತೇಶನ ತಾಯಿ ಶೀಲಾವತಿಯಮ್ಮನ ಜಪದ ಗುನುಗು ಕೇಳುತ್ತಿತ್ತು. ಸಮತಾ ಎದ್ದು ಹೋಗಿ ಭಾವನ ಎದುರು ನಿಂತಳು.

"ಕೋಣಂದೂರಿನ ಹತ್ರ ಮಂಗ ಸುಟ್ಟಿದಾರೆ ಭಾವ. ಯಾರಿಗೋ ಜ್ವರ ಬಂದಿದೆ. ರಿಪೋರ್ಟು ಬರ್ಬೇಕಂತೆ."

ಭರತೇಶ ಎದ್ದ.

"ಮಾಡ್ತೀನಿ. ಆದ್ರೆ ನನ್ನ ರೂಮಲ್ಲಿ, ನನ್ನ ಕಂಪ್ಯೂಟರಲ್ಲಿ. ಇವರ ಲ್ಯಾಪ್‌ಟಾಪಿಗೆ ನನ್ನ ಸಾಧನ ಚುಚ್ಚೋದಿಲ್ಲ."

"ಸರ್, ನಿಮ್ಮ ಕಂಪ್ಯೂಟರನ್ನ ನಾನಿನ್ನೂ ಪರೀಕ್ಷೆ ಮಾಡಿಲ್ಲ. ಮೊದಲು ಅದನ್ನ..."

"ಅದನ್ನ ಬಿಚ್ಚಿ ನೋಡೋದು, ಅದರಲ್ಲೂ ಎಂತದೋ ಇದೆ ಅನ್ನೋದು. ಬೇಡ. ಒಪ್ಪಿದ್ರೆ ಹೀಗೆ. ಇಲ್ಲ ಅಂದ್ರೆ ಕಾಫಿ ಕುಡಿದು ಹೊರಡಿ."

ಶಿಲ್ಪಶ್ರೀ ಲೆಕ್ಕ ಹಾಕಿದಳು. ಪರೀಕ್ಷೆ ಮಾಡದ ಕಂಪ್ಯೂಟರು ಸುಳ್ಳು ತೋರಿಸಬಹುದು. ವಿಳಾಸವನ್ನು ಮಧ್ಯದಲ್ಲಿ ಬದಲಿಸಿಬಿಡುವ ದುಷ್ಟ ಸಾಫ್ಟ್‌ವೇರುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಆದರೆ ಸಹಿ ಹಾಕುವ ಆ ಪುಟ್ಟ ಸಾಧನಕ್ಕೆ ತನ್ನದೇ ಪರದೆ ಇದೆ. ಕಂಪ್ಯೂಟರು ಏನೇ ನಾಟಕವಾಡಿದರೂ, ದುಡ್ಡು ನಿಜಕ್ಕೂ ಎಲ್ಲಿಗೆ ಹೋಗುತ್ತದೆಂದು ಆ ಪರದೆ ಹೇಳಿಯೇ ಹೇಳುತ್ತದೆ. ಅದನ್ನು ಓದಿ ಒತ್ತಿದರೆ ಸಾಕು. ಇನ್ನೊಂದು ಕಡೆ, ಇವತ್ತು ಹಾಗೇ ಎದ್ದು ಹೋದರೆ ನಾಳೆಯ ಹೊತ್ತಿಗೆ ಸಾಗಿಸಲು ಏನೂ ಉಳಿದಿರಲಿಕ್ಕಿಲ್ಲ.

"ಒಂದೇ ಷರತ್ತು ಸರ್," ಎಂದಳು. "ಸಾಧನದ ಪರದೆ ಮೇಲೆ ಬರೋ ವಿಳಾಸವನ್ನ ಗಟ್ಟಿಯಾಗಿ ಓದಬೇಕು. ಮೊದಲಿಂದ ಕೊನೆವರೆಗೆ, ಒಂದಕ್ಷರ ಬಿಡದೆ. ಕಂಪ್ಯೂಟರಿಂದ ಅಲ್ಲ. ಸಾಧನದಿಂದ. ನಾನು ಇಲ್ಲಿ ತಾಳೆ ನೋಡ್ತೀನಿ. ಸರಿ ಅಂದ ಮೇಲೆ ಒತ್ತಿ."

"ಆಗ್ಲಿ."

ಮೊದಲು ಸಮತಾ ಸಹಿ ಹಾಕಿದಳು. ಶಿಲ್ಪಶ್ರೀಯ ಲ್ಯಾಪ್‌ಟಾಪಿಗೆ ತನ್ನ ಸಾಧನ ಜೋಡಿಸಿ, ಪರದೆಯ ಅಕ್ಷರಗಳನ್ನು ಒಂದೊಂದಾಗಿ ಓದಿ, ಗುಂಡಿ ಒತ್ತಿದಳು. ಆ ಅರ್ಧ ಸಹಿಯ ಫೈಲನ್ನು ಶಿಲ್ಪಶ್ರೀ ಹೊಸ ಪೆನ್‌ಡ್ರೈವಿಗೆ ಹಾಕಿ, ವಿಳಾಸದ ಕಾಗದದ ಇನ್ನೊಂದು ಪ್ರತಿಯ ಜೊತೆಗೆ ಭರತೇಶನ ಕೈಗೆ ಕೊಟ್ಟಳು.

"ನಾನೂ ಒಳಗೆ ಬರ್ಲಾ ಸರ್?"

"ಪಿನ್ ಒತ್ತೋವಾಗ ಹಿಂದೆ ಯಾರೂ ನಿಲ್ಲಬಾರದು ಅಂತ ಆದೀಶನೇ ಹೇಳಿಕೊಟ್ಟಿದ್ದು," ಎಂದು ಅವನು ಒಳಗೆ ಹೋಗಿ ಬಾಗಿಲು ಓರೆ ಮಾಡಿಕೊಂಡ. ಶಿಲ್ಪಶ್ರೀಯೇ ಆಗಿದ್ದರೂ ಅದನ್ನೇ ಹೇಳಿಕೊಡುತ್ತಿದ್ದಳು.

ಕಂಪ್ಯೂಟರಿನ ಫ್ಯಾನು ಗುಂಯ್ಗುಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಭರತೇಶನ ದನಿ ಬಂತು. ಅಕ್ಷರ, ಅಂಕಿ, ಅಕ್ಷರ. ಸ್ಪಷ್ಟವಾಗಿ, ತಡವರಿಸದೆ, ಹಾಜರಿ ಕೂಗುವವನ ಹಾಗೆ. ಶಿಲ್ಪಶ್ರೀ ತನ್ನ ಪ್ರತಿಯ ಮೇಲೆ ಪೆನ್ನಿನ ತುದಿ ಇಟ್ಟು ಜೊತೆಜೊತೆಗೇ ಸಾಗಿದಳು. ಒಂದೂ ತಪ್ಪಲಿಲ್ಲ. ಕೊನೆಯ ಅಕ್ಷರಕ್ಕೆ ಬಂದಾಗ ಸಮತಾ ಉಸಿರು ಬಿಟ್ಟದ್ದು ಕೇಳಿಸಿತು.

"ಸರಿ ಇದೆ ಸರ್. ಒತ್ತಿ."

"ಒತ್ತಿದೆ."

ಅವನು ಹೊರಗೆ ಬಂದು ಪೆನ್‌ಡ್ರೈವ್ ಹಿಂದಿರುಗಿಸಿದ. ಶಿಲ್ಪಶ್ರೀ ಅದನ್ನು ಲ್ಯಾಪ್‌ಟಾಪಿಗೆ ಹಾಕಿದಳು. ಎರಡು ಸಹಿ ಕೂಡಿದರೆ ಹಸಿರು ಗೆರೆ ಬರಬೇಕು. ಬರಲಿಲ್ಲ. ಫೈಲು ತೆರೆದು ನೋಡಿದಳು. ಅದರಲ್ಲಿ ಇದ್ದದ್ದು ಸಮತಾಳ ಸಹಿ ಒಂದೇ.

"ಸರ್, ನಿಮ್ಮ ಸಹಿ ಇದರಲ್ಲಿ ಬಂದಿಲ್ಲ."

"ಬರದೆ ಎಂತ? ಸಹಿ ಆಯ್ತು ಅಂತ ಬಂತಲ್ಲ."

ಶಿಲ್ಪಶ್ರೀ ಪರದೆಯಿಂದ ತಲೆಯೆತ್ತಿದಳು. ಸಹಿ ಆಗಿದೆ. ಆದರೆ ಇದಕ್ಕಲ್ಲ.

"ಪರದೆ ಮೇಲಿದ್ದ ವಿಳಾಸಾನೇ ತಾನೇ ನೀವು ಓದಿದ್ದು?"

ಭರತೇಶನ ಕೈಯಲ್ಲಿ ಇನ್ನೂ ಆ ಕಾಗದವಿತ್ತು, ದಪ್ಪ ಅಕ್ಷರದ್ದು. ಅದನ್ನು ಮಡಿಸಲು ನೋಡಿದ. ಮಡಿಕೆ ಸರಿಯಾಗಿ ಕೂರಲಿಲ್ಲ.

"ಸರ್."

"ಆ ಪರದೆ ಉಗುರಿನಷ್ಟಿದೆ," ಎಂದ ಅವನು ಕೊನೆಗೆ. "ಅಕ್ಷರ ಎಲ್ಲ ಇರುವೆ ಸಾಲಿನ ಹಾಗೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ರಜೇಲಿ ಮಾಡಿಸ್ಕೊಳನ ಅಂತಿದ್ದೆ. ಕಾಲೇಜಲ್ಲಿ ಯಾರಿಗೂ ಹೇಳಿಲ್ಲ. ಕಾಗದದಲ್ಲಿ ಅದೇ ಇದೆಯಲ್ಲ ಅಂತ..." ಇಷ್ಟು ಹೊತ್ತು ಎತ್ತಿದ್ದ ಗದ್ದ ಮೊದಲ ಸಲ ಕೆಳಗಿಳಿಯಿತು.

"ಈಚೆಗೆ ಕಂಪ್ಯೂಟರಿಗೆ ಏನಾದ್ರೂ ಹಾಕಿದ್ರಾ?"

"ಹೋದ ವಾರ ಮೇಲ್ ಬಂದಿತ್ತು. ವಾಲೆಟ್ ಅಪ್‌ಡೇಟ್ ಮಾಡಿ, ಇಲ್ಲದಿದ್ರೆ ಅಪಾಯ ಅಂತ. ಕಂಪನಿಯವರದೇ ಅಂತ ಮಾಡಿದೆ."

ಜಟ್ಟಿಂಗಪ್ಪ ಎಲ್ಲರ ಮುಖವನ್ನೂ ನೋಡಿದ. "ಒಂದು ಸಹಿ ತಾನೇ ಮೇಡಂ ಹೋಗಿದ್ದು. ಎರಡು ಬೇಕಲ್ಲ?"

ಶಿಲ್ಪಶ್ರೀ ಫೈಲು ಮುಚ್ಚಿದಳು. "ಆ ಅಪ್‌ಡೇಟು ಕಳ್ಳನದು, ಸರ್ ಸಹಿ ಅವನ ವಿಳಾಸಕ್ಕೆ ಬಿದ್ದಿದೆ. ಇನ್ನೊಂದು ಅವನ ಹತ್ರ ಮೊದಲೇ ಇತ್ತು. ಡಾಕ್ಟರದು."

ಅವಳು ಫೋನ್ ತೆಗೆದಳು. ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದಾಗಲೂ ಅಲ್ಲೇ ಕೂತಿದ್ದ ಮೊತ್ತ ಈಗ ಸೊನ್ನೆಯಾಗಿತ್ತು. ಸೊನ್ನೆಯ ಕೆಳಗೆ ಒಂದು ಸಾಲು: ಕಳುಹಿಸಲಾಗಿದೆ. ಯಾರನ್ನೂ ಕೇಳುವಂತಿಲ್ಲ, ಯಾವ ಬ್ಯಾಂಕಿಗೂ ಫೋನ್ ಮಾಡಿ ತಡೆಯಿರಿ ಎನ್ನುವಂತಿಲ್ಲ. ಹೊಳೆಗೆ ಬಿದ್ದ ಉಂಗುರವನ್ನಾದರೂ ಮುಳುಗಿ ಹುಡುಕಬಹುದು. ಇದಕ್ಕೆ ಮುಳುಗಲು ನೀರೂ ಇಲ್ಲ.

ಕಳ್ಳ ಬೀಗ ಮುರಿದಿರಲಿಲ್ಲ. ಕಾಪಾಡಲು ಹೊರಟವರು ಕಾರು ಹತ್ತಿ ಬಂದು, ಒಪ್ಪದವನನ್ನು ಒಪ್ಪಿಸಿ, ತಾವೇ ತೆರೆದುಕೊಟ್ಟಿದ್ದರು. ಒತ್ತಿ ಎಂದವಳು ಶಿಲ್ಪಶ್ರೀಯೇ.

ಸಮತಾ ಅಳಲಿಲ್ಲ. ಫೋನನ್ನು ಶಿಲ್ಪಶ್ರೀಯ ಕೈಯಿಂದ ತೆಗೆದುಕೊಂಡು ನೋಡಿ, ಹಿಂದಕ್ಕೆ ಕೊಟ್ಟಳು. "ಪರೀಕ್ಷಾಲಯಕ್ಕೆ ಜಾಗ ನೋಡಿದ್ದೆ," ಎಂದಳು, ಯಾರಿಗೂ ಅಲ್ಲವೆಂಬ ಹಾಗೆ.

ಭರತೇಶ ಗೋಡೆಗೆ ಕೈ ಊರಿ ನಿಂತಿದ್ದ. ಅವನ ಕಣ್ಣಿನ ಪೊರೆ ನಿಜವೇ ಇರಬಹುದು. ಕಾಗದ ನೋಡಿ ಓದಿದ್ದು ನಾಚಿಕೆಯಿಂದಲೇ ಇರಬಹುದು. ಇಲ್ಲದೆಯೂ ಇರಬಹುದು. ಅವನ ಮುಖದಲ್ಲಿ ಶಿಲ್ಪಶ್ರೀಗೆ ಯಾವುದೂ ಓದಲು ಸಿಗಲಿಲ್ಲ.

ಮಾಡಲು ಉಳಿದದ್ದು ಒಂದೇ ಕೆಲಸ. ಬಿಟ್‌ಕಾಯಿನ್ ವಾಪಸ್ ತರಲು ಆಗದಿದ್ದರೂ ಹೋದ ದಾರಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾರ ವಿಳಾಸವೆಂದು ಹೆಸರಿರುವುದಿಲ್ಲ, ಅಷ್ಟೇ. ಅವಳು ದುಡ್ಡು ಹೋಗಿ ಬಿದ್ದ ವಿಳಾಸವನ್ನು ತೆರೆದಳು. ಇಂಥ ಕಳ್ಳರು ಪ್ರತಿ ಸಲವೂ ಹೊಚ್ಚ ಹೊಸ ವಿಳಾಸ ಮಾಡುತ್ತಾರೆ. ಇದು ಹೊಸದಾಗಿರಲಿಲ್ಲ. ಇವತ್ತಿನದಕ್ಕೆ ಮೊದಲು ಒಂದು ಸಲ, ಒಂದೇ ಒಂದು ಸಲ, ಅಲ್ಲಿಗೆ ಚಿಕ್ಕ ಮೊತ್ತವೊಂದು ಬಂದಿತ್ತು. ಎರಡು ವರ್ಷದ ಹಿಂದೆ.

ಎಲ್ಲಿಂದ ಬಂದದ್ದೆಂದು ಹಿಂದಕ್ಕೆ ಹಿಡಿದುಕೊಂಡು ಹೋದಳು. ಆ ಮೂಲದ ವಿಳಾಸ ಅವಳಿಗೆ ಪರಿಚಿತವೇ. ಕೇಸಿನ ಮೊದಲ ದಿನ ಸಮತಾ ಕೊಟ್ಟ ವಿವರಗಳಲ್ಲಿ ಅದು ಇತ್ತು.

"ಇದು ಆದೀಶ್ ಅವರ ಸ್ವಂತ ವಾಲೆಟ್ಟು. ಫೋನಲ್ಲಿ ಇಟ್ಕೊಂಡಿದ್ದು," ಎಂದಳು ನಿಧಾನವಾಗಿ. "ಅದರಿಂದ ಈ ಕಳ್ಳನಿಗೆ ದುಡ್ಡು ಹೋಗಿದೆ. ಆದೀಶ್‌ಗೆ ಇವನು ಯಾರು ಅಂತ ಗೊತ್ತಿತ್ತು."

"ಯಾವತ್ತು?" ಎಂದ ಭರತೇಶ.

ಅವಳು ತಾರೀಕು ಹೇಳಿದಳು.

ಭರತೇಶ ಗೋಡೆಯಿಂದ ಕೈ ತೆಗೆದ. "ಆಗೋದಿಲ್ಲ. ಆವತ್ತು ಅವನಿಗೆ ಜ್ಞಾನ ಇರ್ಲಿಲ್ಲ. ಹಿಂದಿನ ದಿನವೇ ಐಸಿಯುಗೆ ಹಾಕಿದ್ರು. ನಾವ್ಯಾರೂ ಒಳಗೆ ಹೋಗೋ ಹಾಗಿರ್ಲಿಲ್ಲ. ಒಳಗೆ ಬಿಡ್ತಿದ್ದದ್ದು..."

ಮೂರು ಜನರ ಕಣ್ಣೂ ಸಮತಾಳ ಮೇಲೆ ಹೋಯಿತು.

ಅವಳು ಯಾರನ್ನೂ ನೋಡುತ್ತಿರಲಿಲ್ಲ. "ಕಳ್ಸಿದ್ದು ನಾನೇ," ಎಂದಳು. "ಅವ್ರ ಬೆರಳು ಹಿಡಿದು ಫೋನಿಗೆ ಒತ್ತಿ ತೆಗೆದೆ. ಬೆರಳು ಸುಡ್ತಾ ಇತ್ತು."

"ಯಾರಿಗೆ ಡಾಕ್ಟ್ರೇ?" ಶಿಲ್ಪಶ್ರೀ ಮುಂದೆ ಬಾಗಿದಳು. "ಯಾರಿಗೆ ಕಳ್ಸಿದ್ರಿ?"

ಸಮತಾ ತಲೆಯಾಡಿಸಿದಳು. "ಇಲ್ಲಿ ಬೇಡ ಮೇಡಂ. ಅತ್ತೆ ಇರೋ ಮನೇಲಿ ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಜಪದ ಗುನುಗು ಯಾವಾಗ ನಿಂತಿತ್ತೋ ಯಾರೂ ಗಮನಿಸಿರಲಿಲ್ಲ. ಒಳಗಿನ ಬಾಗಿಲಲ್ಲಿ ಶೀಲಾವತಿಯಮ್ಮ ನಿಂತಿದ್ದರು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈ ಬಾಗಿಲ ಪಟ್ಟಿಯ ಮೇಲೆ. ಸೊಸೆಯ ಮುಖವನ್ನೂ ಮಗನ ಮುಖವನ್ನೂ ಒಮ್ಮೆ ನೋಡಿದರು.

"ಹೇಳು ಸಮತಾ," ಎಂದರು. "ಆ ಹೆಸರು ನಂಗೆ ಆವತ್ತಿಂದಲೂ ಗೊತ್ತು."